ಮುರಿದ ಮೂಳೆಯ ಕೂಗು ಮತ್ತು ಸರಸಮ್ಮ

ಹೊಂಗನೂರಿನ ಮೊದಲ ಬಸ್ಸಿಗೆ ಬಂದ ಸರಸಮ್ಮ, ಚನ್ನಪಟ್ಟಣದ ಮೂಳೆ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಬಕೆಟ್ಟಿಗೆ ಉಗುರುಬೆಚ್ಚನೆಯ ನೀರು ತುಂಬುತ್ತಿದ್ದಾರೆ. ನಿನ್ನೆ ಕತ್ತರಿಸಿದ ಪ್ಲಾಸ್ಟರಿನ ಬಿಳಿ ಪುಡಿ ಕಿಟಕಿಯ ಎಳೆ ಬೆಳಕಿನಲ್ಲಿ ತೇಲುತ್ತಿದೆ. ಅವರ ಬಗ್ಗೆ ಬರೆಯಲೆಂದು ಬಂದು ಅಲ್ಲಿ ನಿಂತ ನನಗಂತೂ ಇನ್ನೂ ಅರೆನಿದ್ದೆಯಲ್ಲೇ ಇದ್ದೇನೆ ಅನ್ನಿಸುತ್ತದೆ.

ಗಂಡ ತೀರಿಕೊಂಡ ಮೇಲೆ ನೆಲ ಒರೆಸಲು ಸೇರಿದವರು, ಡಾಕ್ಟರ ಪಕ್ಕದಲ್ಲಿ ನಿಂತು ಪ್ಲಾಸ್ಟರ್ ಕಟ್ಟುವುದನ್ನು ಕಲಿತರು. ಈಗ ದಿನಕ್ಕೆ ಏಳೆಂಟು ಕೈಕಾಲು. ಕಟ್ಟುವಾಗ ರೋಗಿಗಳ ಭಯ ಕಳೆಯಲೆಂದು, ಡಾಕ್ಟರ್ ಹೇಳಿಕೊಟ್ಟದ್ದನ್ನೇ ಕಥೆ ಮಾಡಿ ಹೇಳುತ್ತಿದ್ದರು.

"ಮೂಳೆ ಮುರುದ್ರೆ ಅಲ್ಲಿರೋ ರಕ್ತನಾಳಾನೂ ಹರ್ದೋಯ್ತವೆ. ಆ ಜಾಗಕ್ಕೆ ಉಸಿರು ಕಮ್ಮಿ ಆಯ್ತದೆ. ಅಲ್ಲಿರೋ ಜೀವಕಣಗೋಳು ಉಸಿರು ಬೇಕು ಅಂತ ಕೂಗ್ತವೆ. ಆ ಕೂಗಿಗೆ ಹೊಸ ನಾಳ ಚಿಗುರ್ಕೊಂಡು ಬತ್ತವೆ, ಅದ್ರ ಜೊತ್ಗೇ ಹೊಸ ಮೂಳೆ ಬೆಳೀತದೆ."

ಈ ಕಥೆ ಮೂರು ತಿಂಗಳಿಂದ ನಿಂತುಹೋಗಿದೆ. ಕಾರಣ ಸಾದಿಕ್. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಸಾದಿಕ್, ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡು ಬಂದಿದ್ದರು. ಕಥೆ ಕೇಳಿ ಮನೆಗೆ ಹೋದವರು, ಉಸಿರು ಇನ್ನಷ್ಟು ಕಟ್ಟಿದರೆ ಮೂಳೆ ಇನ್ನಷ್ಟು ಬೇಗ ಕೂಡುತ್ತದೆಂದು ತೊಡೆಗೆ ರೇಷ್ಮೆ ಹುರಿ ಬಿಗಿದುಕೊಂಡರು! ಹೆಂಡತಿ ಖತೀಜಾ ಆಟೋದಲ್ಲಿ ಕರೆತಂದಾಗ ಕಾಲ್ಬೆರಳು ನೀಲಿಗಟ್ಟಿದ್ದವು. ಹುರಿ ಕತ್ತರಿಸಿದ್ದು ಸರಸಮ್ಮನೇ. ಕಾಲು ಉಳಿಯಿತು, ಮೂಳೆ ಕೂಡುವುದು ಮಾತ್ರ ಅನುಮಾನ ಎಂದರು ಡಾಕ್ಟರ್.

"ನನ್ ಮಾತಿಂದ ಒಬ್ರ ಕಾಲು ಹೋಯ್ತಿತ್ತಲ್ಲ ಅಂತ ಅನ್ನ ಸೇರ್ನಿಲ್ಲ ಕಣಪ್ಪ," ಎನ್ನುತ್ತಾ ನಲ್ಲಿ ನಿಲ್ಲಿಸುತ್ತಾರೆ.

ಇವತ್ತು ಸಾದಿಕ್ ಅವರ ಪ್ಲಾಸ್ಟರ್ ಬಿಚ್ಚುವ ದಿನ. ಡಾಕ್ಟರ್ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಮುರಿದಿದ್ದ ಕಡೆ ಮೋಡದ ತುಣುಕಿನಂಥ ಬಿಳಿ ಗಂಟು. "ಕೂಡಿದೆ," ಎನ್ನುತ್ತಾರೆ. ಸರಸಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಸಾದಿಕ್ ಮೇಜು ಹಿಡಿದು ಮೆಲ್ಲಗೆ ಎದ್ದು ನಿಲ್ಲುತ್ತಾರೆ.

"ತಪ್ಪು ನಂದು ಅಕ್ಕ. ಆ ಕಥೆ ನಿಲ್ಲಿಸ್ಬೇಡಿ. ನೋವಲ್ಲಿ ಅದನ್ನೇ ನೆನೆಸ್ಕೊಂಡು ಮಲಗ್ತಿದ್ದೆ."

ಮುಂದಿನ ಸರದಿ, ಮುಂಗೈ ಮುರಿದುಕೊಂಡಿರುವ ಲಿಂಗಯ್ಯನವರದು. ಸರಸಮ್ಮ ಪ್ಲಾಸ್ಟರ್ ಸುರುಳಿಯನ್ನು ನೀರಿಗೆ ಇಳಿಬಿಟ್ಟು, ಗುಳ್ಳೆ ನಿಲ್ಲುವವರೆಗೆ ಕಾಯುತ್ತಾರೆ. ಆಮೇಲೆ ಬಾಯಿ ತೆರೆಯುತ್ತಾರೆ.

"ಮುರ್ದಿರೋ ಜಾಗ ಉಸಿರಿಗೆ ಕೂಗ್ತದೆ ಅಣ್ಣ. ಕೂಗೋದು ಅದ್ರ ಕೆಲ್ಸ. ಬರೋ ರಕ್ತಕ್ಕೆ ದಾರಿ ಬುಡೋದು ನಮ್ ಕೆಲ್ಸ."