ಉಪ್ಪಿನಕಾಯಿ ಬಾಟಲಿಯಲ್ಲಿದ್ದ ಜೆಲ್ಲಿ ಮೀನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಜೆಲ್ಲಿ ಮೀನಿಗೆ ಕಡಲೆಪುರಿ ಪುಡಿಮಾಡಿ ಹಾಕಿದ ಮಹಾನುಭಾವ ಹುಣಸೂರಿನಲ್ಲಿ ಯಾರಾದರೂ ಇದ್ದರೆ ಅದು ನಾನೇ. ನೀವು ನಗಬಹುದು. ಈಗ ಆ ಮೀನಿದ್ದ ಗಾಜಿನ ಬಾಟಲಿಯಲ್ಲಿ ನಿಂಬೆ ಉಪ್ಪಿನಕಾಯಿಯಿದೆ. ಮುಚ್ಚಳ ತೆಗೆದರೆ ಮೂಗಿಗೆ ಇಂಗು ಬಡಿಯುತ್ತದೆ, ನೆನಪಿಗೆ ಕಬಿನಿಯ ಹಿನ್ನೀರು ಬರುತ್ತದೆ.

ರೂಮಿನಲ್ಲಿ ನನ್ನ ಜೊತೆಗಿದ್ದ ಮಾದೇವ ಮದುವೆಯಾಗಿ ಪಿರಿಯಾಪಟ್ಟಣ ಸೇರುವ ಮುಂಚಿನ ಭಾನುವಾರ ಇಬ್ಬರೂ ಬೈಕಿನಲ್ಲಿ ಎಚ್.ಡಿ. ಕೋಟೆಯ ಕಡೆ ಹೋಗಿದ್ದೆವು. ಹಿನ್ನೀರಿಗೆ ಕಾಲು ಇಳಿಬಿಟ್ಟು ಕೂತವನು ಕೂಗಿದ: "ಲೇ, ನೀರೊಳಗೆ ಕಾಸಗಲ ಕೊಡೆ ಕಣ್ಲಾ! ಬಿಚ್ಕತಾವೆ, ಮುಚ್ಕತಾವೆ!" ಜೆಲ್ಲಿ ಮೀನು ಸಮುದ್ರದಲ್ಲಷ್ಟೇ ಅಲ್ಲ, ಸಿಹಿನೀರಿನಲ್ಲೂ ಇರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ಒಂದನ್ನು ನೀರಿನ ಸಮೇತ ಬಾಟಲಿಯಲ್ಲಿ ಹಿಡಿದು ನನ್ನ ಕೈಗಿಟ್ಟ. "ತಕ್ಕೋ, ನಾನಿಲ್ದಾಗ ಜೊತೆಗಿರ್ಲಿ. ನಿನ್ನಂಗೇ ಇದ್ಕೂ ಮೂಳೆ ಇಲ್ಲ."

ಕಂಡವರ ದನಿಯನ್ನೆಲ್ಲ ಅಣಕಿಸುವುದು ನನ್ನ ಹುಟ್ಟುಗುಣ. ಮಾದೇವ ಹೋದ ಮೇಲೆ ಕೇಳುವವರಿಲ್ಲ. ಸಂಜೆ ಬಾಟಲಿಯ ಮುಂದೆ ಕೂತು ಅವನ ದನಿಯಲ್ಲೇ "ಉಂಡೇನ್ಲಾ?" ಎಂದು ಕೇಳುತ್ತಿದ್ದೆ. ಬಿಳಿಕೆರೆ ಬಸ್ಸಿನ ಕಂಡಕ್ಟರಾಗಿ "ಒಳಿಕ್ಕೋಗಿ ಸಾರ್, ಜಾಗ ಐತೆ" ಎಂದು ಉತ್ತರಿಸುತ್ತಿದ್ದೆ. ಮೀನಿಗೆ ಕಿವಿಯೇ ಇಲ್ಲ. ಅಷ್ಟು ತಾಳ್ಮೆಯ ಕೇಳುಗ ಇನ್ನೆಲ್ಲಿ ಸಿಕ್ಕಾನು?

ಆದರೆ ಅದು ದಿನದಿನಕ್ಕೆ ಕುಗ್ಗತೊಡಗಿತು. ಕಡಲೆಪುರಿ ತಳದಲ್ಲಿ ಕೊಳೆಯಿತು. ಮೊಬೈಲಿನಲ್ಲಿ ಹುಡುಕಿದ ಮೇಲೆ ತಿಳಿಯಿತು, ಅದಕ್ಕೆ ಬೇಕಾದದ್ದು ಮಿಸುಕುವ ಊಟ. ಸಿಗದಿದ್ದರೆ ತನ್ನ ಮೈಯನ್ನೇ ಕರಗಿಸಿಕೊಳ್ಳುತ್ತ ಚಿಕ್ಕದಾಗುತ್ತದೆ. ಇದನ್ನು ಉಳಿಸಿಕೊಳ್ಳದಿದ್ದರೆ ಆ ಭಾನುವಾರವೂ ಕೈಬಿಡುತ್ತದೆ ಅನ್ನಿಸಿತು. ಗೋಡೆಯಾಚೆಯಿದ್ದ ಮನೆಯೊಡತಿ ಸಾಕವ್ವನ ದನ ನೀರು ಕುಡಿಯುವ ತೊಟ್ಟಿಯಿಂದ, ಚಿಗಟದಂತೆ ನೆಗೆಯುವ ಹುಳಗಳನ್ನು ಸೋಸಿ ತಂದು ಬಿಟ್ಟೆ.

ಮೀನು ಮೇಲಕ್ಕೆ ಈಜಿ, ಕೂದಲಂಥ ಎಳೆಗಳನ್ನು ಹರಡಿ, ಸುಮ್ಮನೆ ಕೆಳಗಿಳಿಯಿತು. ಎಳೆಗೆ ತಗುಲಿದ ಹುಳ ಕುಟುಕಿಗೆ ಮರಗಟ್ಟಿತು. ಎಳೆ ಮಡಿಸಿ ನಡುವಿನ ಬಾಯಿಗಿಟ್ಟುಕೊಂಡಿತು. ಪಾರದರ್ಶಕ ಹೊಟ್ಟೆಯೊಳಗೆ ಹುಳ ಕಪ್ಪಗೆ ಕಾಣುತ್ತಿತ್ತು. ಉಂಡು ಮಿಕ್ಕದ್ದನ್ನು ಹೊರಹಾಕುವುದೂ ಅದೇ ಬಾಯಿಂದ! ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಯ ಯಜಮಾನರು ನೆನಪಾಗಿ ಜೋರಾಗಿ ನಕ್ಕೆ. ನಗು ಹಂಚಿಕೊಳ್ಳಲು ಪಕ್ಕಕ್ಕೆ ತಿರುಗಿದರೆ ಮಾದೇವನ ಖಾಲಿ ಮಂಚ.

ಇನ್ನೊಂದು ಸಂಗತಿ ಓದಿದೆ. ಕಲ್ಲಿಗಂಟಿದ, ಸಾಸಿವೆಗಿಂತ ಚಿಕ್ಕ ಮೊಳಕೆಯಿಂದ ಇವು ಒಂದರ ನಕಲಿನಂತೆ ಇನ್ನೊಂದು ಕಳಚಿಕೊಳ್ಳುತ್ತವಂತೆ. ಎಷ್ಟೋ ಸಲ ಒಂದು ಕೆರೆಯಲ್ಲಿರುವುದೆಲ್ಲ ಬರೀ ಗಂಡು, ಇಲ್ಲವೇ ಬರೀ ಹೆಣ್ಣು. ಮೊಬೈಲ್ ಕವುಚಿಟ್ಟೆ.

ನನ್ನ ಹುಳದ ಊಟ ತಡವಾಗಿತ್ತೇನೋ. ಒಂದು ಬೆಳಿಗ್ಗೆ ಬಾಟಲಿಯಲ್ಲಿ ಬರೀ ನೀರಿತ್ತು. ಮಣ್ಣು ಮಾಡೋಣವೆಂದರೂ ಏನೂ ಉಳಿದಿರಲಿಲ್ಲ.

ಆ ಸಂಜೆ ನಾನು ಯಾರೂ ಆಗಲಿಲ್ಲ. ಸಾಕವ್ವ ಬಾಗಿಲು ತಟ್ಟಿದಳು. "ದಿನಾ ಸಂತೆ ಸೇರ್ತಿತ್ತು, ಇವತ್ತೇನ್ಲಾ ಸದ್ದೇ ಇಲ್ಲ?"

ಗಂಟಲು ಸರಿಮಾಡಿಕೊಂಡು ಮಾದೇವನ ದನಿ ತೆಗೆದೆ: "ಒಳಗೆ ಯಾರೂ ಇಲ್ಲ ಕಣವ್ವ."

ಅವಳು ಒಳಗೆ ಬಂದು ಬಾಟಲಿ ನೋಡಿದಳು, ಆಮೇಲೆ ನನ್ನ ಮುಖ. ಈಗೀಗ ಯಾರಾದರೂ ಬಾಗಿಲು ತಟ್ಟಿದರೆ ನನ್ನ ದನಿಯನ್ನೇ ಹುಡುಕಿಕೊಂಡು ಓಗೊಡುತ್ತೇನೆ. ಸ್ವಲ್ಪ ಕೀರಲು, ಆದರೂ ನನ್ನದೇ. ಅವತ್ತು ಅವಳು ಅಂದದ್ದು ಇಷ್ಟೇ:

"ಮಾದೇವ್ನ ದನಿ ಕೇಳಿವ್ನಿ, ಕಂಡಕ್ಟ್ರು ದನೀನೂ ಕೇಳಿವ್ನಿ. ಈ ಬಾಟ್ಲಿಗೆ ಉಪ್ಪಿನ್ಕಾಯಿ ಹಾಕ್ಕೊಡ್ಬೇಕಾ ಬ್ಯಾಡ್ವಾ, ಅದ್ನ ನಿನ್ ಬಾಯಲ್ಲಿ ಹೇಳ್ಲಾ."