ಕುಂಬಳದ ಮಿಡಿಗೆ ತೋರಿಸಿದ ಬೆರಳು

ನನ್ನ ನೋಟ್‌ಬುಕ್ಕಿನಲ್ಲಿ ಎಡಪುಟ ನನ್ನ ಗೆಳತಿಯದು, ಬಲಪುಟ ನನ್ನದು. ಆ ವರ್ಷದ ಜೂನ್ ಹೊತ್ತಿಗೆ ಎಡಪುಟದಲ್ಲಿ ಹನ್ನೊಂದು ಸಾಕ್ಷಿಗಳಿದ್ದವು. ಬಲಪುಟದಲ್ಲಿ ತಾರೀಖುಗಳಿದ್ದವು, ಅಷ್ಟೇ.

ಗೋಕುಲ ರಸ್ತೆಯ ಒಂದು ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ನಮ್ಮ ಸಭೆ ಕೂಡುತ್ತದೆ. ಭಾನುವಾರ ಹಾಡು ಮುಗಿದ ಮೇಲೆ, ಆ ವಾರ ದೇವರ ಆಶೀರ್ವಾದ ಕಂಡವರು ಮೈಕಿನ ಮುಂದೆ ಬಂದು ಅದನ್ನು ಹೇಳುತ್ತಾರೆ. ಅದಕ್ಕೆ ಸಾಕ್ಷಿ ಎನ್ನುತ್ತೇವೆ. ದೇವರು ಬಡವನಲ್ಲ, ಅವನ ಮಕ್ಕಳ ಬದುಕು ತುಂಬಿ ಹೊರಚೆಲ್ಲಬೇಕು, ಪಡೆದದ್ದನ್ನು ಬಾಯಿಬಿಟ್ಟು ಹೇಳಿದವರಿಗೆ ಅವನು ಇನ್ನಷ್ಟು ಕೊಡುತ್ತಾನೆ ಎಂದು ನಮ್ಮ ಪಾಸ್ಟರ್ ಕಲಿಸಿದ್ದರು. ನಾನು ಅದನ್ನು ನಂಬಿದ್ದೆ, ಬಹುಪಾಲು ಈಗಲೂ ನಂಬುತ್ತೇನೆ. ಅದಕ್ಕೇ ಖಾಲಿ ಪುಟ ನನ್ನನ್ನು ಅಷ್ಟು ಸುಡುತ್ತಿತ್ತು. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಪ್ರಾರ್ಥನೆ, ಬುಧವಾರ ಉಪವಾಸ, ಎಲ್ಲಕ್ಕೂ ಗುರುತು ಹಾಕಿದ್ದೆ. ಎರಡು ವರ್ಷಗಳಲ್ಲಿ ತಪ್ಪಿದ ಉಪವಾಸ ಮೂರೇ ಮೂರು. ದೇವರಿಗೆ ನಮ್ಮ ಓಣಿ ಗೊತ್ತಿಲ್ಲ ಎನ್ನೋಣವೆಂದರೆ, ಗೋಡೆಯಾಚೆಯ ಮನೆ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಗೋಡೆಯಾಚೆ ಇದ್ದವಳು ಅದೇ ಗೆಳತಿ. ಒಂದನೆಯ ಇಯತ್ತೆಯಿಂದ ಒಂದೇ ಬೆಂಚಿನವರು ನಾವು. ಅವಳಿಗೆ ಮೊದಲ ಪರೀಕ್ಷೆಯಲ್ಲೇ ರೈಲ್ವೆ ನೌಕರಿ ಸಿಕ್ಕಿತು. ಅದು ಎರಡನೆಯ ಸಾಕ್ಷಿ. ಸ್ಕೂಟಿ ನಾಲ್ಕನೆಯದು. ಎಂಟನೆಯದು, ಕಳೆದುಹೋದ ಕಿವಿಯೋಲೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕದ್ದು. ಅದಕ್ಕೂ ಇಡೀ ಸಭೆ ಚಪ್ಪಾಳೆ ತಟ್ಟಿತ್ತು. ಉಪವಾಸದ ಬುಧವಾರ ಗಿರ್ಮಿಟ್ ತಿಂದು ಬಾಯಿ ಒರೆಸಿಕೊಂಡು ಪ್ರಾರ್ಥನೆಗೆ ಬರುತ್ತಿದ್ದವಳು ಅವಳು. ನನ್ನ ಪುಟಗಳ ವಿಷಯವೂ ಅವಳಿಗೆ ಗೊತ್ತಿತ್ತು. ಒಮ್ಮೆ ಕಸಿದುಕೊಂಡು ಓದಿ, "ಏ ಲೇ, ಲ್ಯಾಬಿನ್ಯಾಗ ಮಂದಿ ರಕ್ತ ತಗೊಂಡ ಬಾಟ್ಲಿಗಿ ಚೀಟಿ ಹಚ್ಚತೀ, ಮನ್ಯಾಗ ನನಗ ಹಚ್ಚತೀಯೇನ?" ಎಂದು ನಕ್ಕಿದ್ದಳು. ನಾನು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ಜೂನ್ ಎರಡನೆಯ ಭಾನುವಾರ ಪಾಸ್ಟರ್ ಮನೆಗೆ ನಾಲ್ಕರಂತೆ ಕುಂಬಳದ ಬೀಜ ಹಂಚಿದರು. ವಿಶ್ವಾಸದಿಂದ ಬಿತ್ತಿ, ಅಕ್ಟೋಬರಿನ ಸುಗ್ಗಿ ಆರಾಧನೆಗೆ ಕಾಯಿ ತಂದು ಸಾಕ್ಷಿ ಹೇಳಿ ಎಂದರು. ನೌಕರಿಯ ಬಡ್ತಿ, ಮದುವೆ ನನ್ನ ಕೈಯಲ್ಲಿರಲಿಲ್ಲ, ಕುಂಬಳ ಇತ್ತು. ಈ ಸಲ ನಾನೂ ಮೈಕಿನ ಮುಂದೆ ನಿಲ್ಲುತ್ತೇನೆ ಎಂದು ಬಲಪುಟದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಹಿತ್ತಲ ಮಣ್ಣು ಅಗೆದು, ಸೆಗಣಿ ಗೊಬ್ಬರ ಬೆರೆಸಿ, ಅಳತೆ ಹಿಡಿದು ಬಿತ್ತಿದೆ. ನಾಲ್ಕೂ ಮೊಳೆತವು. ನೊಣ, ಹುಳ ಮುಟ್ಟದಿರಲೆಂದು ಬಳ್ಳಿಗೆ ಹಳೆಯ ಸೊಳ್ಳೆಪರದೆ ಕಟ್ಟಿದೆ. ಗೆಳತಿ ತನ್ನ ಬೀಜಗಳನ್ನು ಬಚ್ಚಲ ನೀರು ಹರಿಯುವ ಕಡೆ ಒಗೆದು ಮರೆತುಬಿಟ್ಟಳು.

ಜುಲೈ ಕೊನೆಯಲ್ಲಿ ಹೂ ಬಂದವು. ಅದೇ ವಾರ ಪಾಸ್ಟರ್ ಫಲ ಕೊಡದ ಕೊಂಬೆಗಳ ಮೇಲೆ ಪ್ರಸಂಗ ಮಾಡಿದರು. ಫಲವಿಲ್ಲದ ಅಭ್ಯಾಸ, ಫಲವಿಲ್ಲದ ಸ್ನೇಹ, ಎಲ್ಲವನ್ನೂ ಕತ್ತರಿಸಿ ಒಗೆಯಿರಿ, ಇಲ್ಲದಿದ್ದರೆ ಸಮೃದ್ಧಿಗೆ ಜಾಗ ಎಲ್ಲಿ ಎಂದು ಕೇಳಿದರು. ಮನೆಗೆ ಬಂದು ಬಳ್ಳಿ ನೋಡಿದೆ. ಕೆಲವು ಹೂಗಳ ಬುಡದಲ್ಲಿ ಗೋಲಿಯಷ್ಟು ಮಿಡಿ ಇತ್ತು. ಹೆಚ್ಚಿನವು ಬರೀ ಉದ್ದ ತೊಟ್ಟಿನ ಪೊಳ್ಳು ಹೂಗಳು. ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಪರದೆ ಸರಿಸಿ ಪೊಳ್ಳು ಹೂಗಳನ್ನೆಲ್ಲ ಕಿತ್ತು, ಎಣಿಸಿ, ಮೂಲೆಗೆ ಹಾಕತೊಡಗಿದೆ. ಆಗಸ್ಟ್ ಹದಿನಾರರವರೆಗೆ ಕಿತ್ತದ್ದು ಅರವತ್ತನಾಲ್ಕು. ಮಿಡಿ ಇದ್ದ ಹೂಗಳು ಏಳು. ಏಳೂ ಹಳದಿಗಟ್ಟಿ ಉದುರಿದವು.

ನಮ್ಮವ್ವ ಹುಬ್ಬಳ್ಳಿಯ ರೈಲ್ವೆ ವಸತಿಗೃಹದಲ್ಲಿ ಬೆಳೆದವಳು, ಒಕ್ಕಲುತನ ಅವಳಿಗೆ ಗೊತ್ತಿಲ್ಲ. ಉಪ್ಪಿನಬೆಟಗೇರಿಯ ಅಜ್ಜಿಯಿಂದ ಅವಳಿಗೆ ಉಳಿದದ್ದು ಒಂದೇ ಮಾತು. "ಮಿಡಿಗೆ ಬೆರಳ ತೋರಿಸಬಾರದವಾ, ಕೊಳೀತೈತಿ. ಎಣಸೂದಿದ್ರ ಹಿಂಗ ಎಣಸು," ಎಂದು ಬೆರಳು ಮಡಚಿ ಗೆಣ್ಣಿನಿಂದ ತೋರಿಸುತ್ತಿದ್ದಳು. ಅಂಥದ್ದನ್ನೆಲ್ಲ ನಂಬುವುದು ಪಾಪ ಎಂದು ನಾನೇ ಅವಳನ್ನು ತಿದ್ದುತ್ತಿದ್ದೆ.

ಆಗಸ್ಟ್ ಹದಿನೇಳರಂದು ತಾಟು ತಿರುಗಿ ಕೊಡಲು ಗೆಳತಿಯ ಮನೆಗೆ ಹೋದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಬಚ್ಚಲ ಮೋರಿಯಿಂದ ಹಬ್ಬಿದ ಬಳ್ಳಿ ಕಕ್ಕಸಿನ ತಗಡಿನ ಮೇಲೆ ಹತ್ತಿ, ಗೋಡೆಯ ಮೇಲೆಲ್ಲ ಬಿದ್ದುಕೊಂಡಿತ್ತು. ಎಲೆಗಳ ನಡುವೆ ಕಾಯಿ, ನುಣ್ಣಗೆ, ಹಸಿರಾಗಿ, ಯಾರ ಆರೈಕೆಯೂ ಇಲ್ಲದೆ. ಬೆರಳಿನಿಂದ ಯಾವ ಕಾಯಿಯೂ ಕೊಳೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತಾಟು ಕೆಳಗಿಟ್ಟು, ತೋರುಬೆರಳನ್ನು ನೆಟ್ಟಗೆ ಚಾಚಿ, ಒಂದೊಂದರ ಮೇಲೂ ಕ್ಷಣ ನಿಲ್ಲಿಸಿ ಎಣಿಸಿದೆ. ಒಂಬತ್ತು. ಇನ್ನೊಮ್ಮೆ ಮೊದಲಿನಿಂದ ಎಣಿಸಿದೆ. ಎರಡನೆಯ ಸಲ ಎಣಿಸಬೇಕಾದ ಅಗತ್ಯವಿರಲಿಲ್ಲ.

ಒಂದು ವಾರ ದಿನವೂ ಗೋಡೆಯ ಮೇಲಿಂದ ಇಣುಕಿದೆ. ಒಂದೂ ಕೊಳೆಯಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅವಳೇ ನಮ್ಮ ಹಿತ್ತಲಿಗೆ ಬಂದಳು. ನಾನು ಹೂ ಕೀಳುತ್ತಿದ್ದೆ. ಮೂಲೆಯಲ್ಲಿ ಒಣಗಿದ ಹೂವಿನ ಗುಡ್ಡೆ ನೋಡಿ ಹಣೆ ಬಡಿದುಕೊಂಡಳು.

"ಹುಚ್ಚಿ, ಏನ ಮಾಡಾಕತ್ತೀ? ಗಂಡ ಹೂವೆಲ್ಲಾ ಹರದ ಒಗದೀಯಲ್ಲ! ಅದೇನ ಕನ್ಯಾ ಮರಿಯಮ್ಮನ ಬಳ್ಳಿಯೇನ, ಗಂಡಿಲ್ಲದ ಕಾಯಿ ಬಿಡಾಕ?"

ಒಳಗಿನಿಂದ ಅವ್ವ, "ನಾಲಗಿ ಬಿಗಿ ಹಿಡಿಯವಾ, ದೇವರ ಮಾತದು!" ಎಂದು ಕೂಗಿದಳು.

"ತಪ್ಪಾತ್ರೀ ಕಾಕು," ಎಂದು ಅವಳು ತನ್ನ ಹಿತ್ತಲಿಗೆ ಓಡಿ, ಒಂದು ಗಂಡು ಹೂ ಕಿತ್ತು ತಂದಳು. ಎಸಳು ಬಿಡಿಸಿ, ನನ್ನ ಬಳ್ಳಿಯಲ್ಲಿ ಅವತ್ತು ಅರಳಿದ್ದ ಒಂದೇ ಹೆಣ್ಣು ಹೂವಿನೊಳಗೆ ಅದರ ಪುಡಿ ಸವರಿದಳು. ಸೊಳ್ಳೆಪರದೆಯನ್ನು ಹರಿದೇ ತೆಗೆದಳು. "ಜೇನಹುಳ ಬರೂದರ ಹೆಂಗ ಲೇ, ಒಳಗ?"

ಕೈ ಕೊಡವಿಕೊಂಡು ನನ್ನ ಕಡೆ ತಿರುಗಿದಳು. "ಮತ್ತ, ಅವತ್ತ ನಮ್ಮ ಕುಂಬಳಕ್ಕ ಬೆರಳ ತೋರಿಸಿದ್ದೀಯಲ್ಲ. ಕಿಟಕಿಯಿಂದ ನೋಡೇನಿ. ಎರಡೆರಡ ಸಲ! ಒಂಬತ್ತಕ್ಕ ಒಂಬತ್ತೂ ಅದಾವ ನೋಡ, ಬರ್ಕೋ." ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿಟ್ಟು ಇರಲಿಲ್ಲ, ಸ್ವಲ್ಪವೂ. ನೌಕರಿ, ಸ್ಕೂಟಿ, ಒಂಬತ್ತು ಕುಂಬಳ, ಯಾವುದಕ್ಕೂ ಆಗದಷ್ಟು ಹೊಟ್ಟೆಕಿಚ್ಚು ನನಗೆ ಆ ನಗುವಿನ ಮೇಲೆ ಆಯಿತು. ಹಾಗೆ ನಗಬೇಕಾದರೆ ಒಳಗೆ ಎಷ್ಟು ತುಂಬಿರಬೇಕು?

ಆ ಒಂದು ಹೂ ಕಾಯಿ ಕಟ್ಟಿತು. ಸುಗ್ಗಿ ಆರಾಧನೆಯ ಭಾನುವಾರ ಅದನ್ನು ತೊಳೆದು, ಅವ್ವನ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. ಏನು ಹೇಳಬೇಕೆಂದು ಬರೆದು ಬಾಯಿಪಾಠ ಮಾಡಿದ್ದೆ: ಏಳು ಉದುರಿದವು, ದೇವರು ಎಂಟನೆಯದನ್ನು ಉಳಿಸಿದನು. ಅದರಲ್ಲಿ ಅವಳ ಹೂವಿನ ಸುದ್ದಿ ಇರಲಿಲ್ಲ.

ಆದರೆ ಅವಳನ್ನು ನನಗಿಂತ ಮೊದಲು ಕರೆದರು. ಒಂಬತ್ತು ಕುಂಬಳ ಮುಂದೆ ಜೋಡಿಸಿಟ್ಟು ಮೈಕ್ ಹಿಡಿದಳು. "ಇವು ತಾವ ಬೆಳದಾವ್ರಿ, ನಾ ಏನೂ ಮಾಡಿಲ್ಲ. ಹತ್ತನೇದ ನನ್ನ ಗೆಳತಿ ಹಿತ್ತಲದಾಗ ಬೆಳದೈತ್ರಿ. ನಮ್ಮ ಬಳ್ಳಿ ಹೂ ಒಯ್ದ ಮುಟ್ಟಿಸಿದೆ, ದೇವರು ಅದನ್ನೂ ಕಾಯಿ ಮಾಡ್ಯಾನ. ಅದ ನನಗ ಎಲ್ಲಾಕ್ಕಿಂತ ದೊಡ್ಡ ಆಶೀರ್ವಾದ ನೋಡ್ರಿ." ಬೆರಳಿನ ವಿಷಯ ಎತ್ತಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳ ಹನ್ನೆರಡನೆಯ ಸಾಕ್ಷಿ. ನನ್ನ ಒಂದೇ ಕುಂಬಳವೂ ಎಡಪುಟಕ್ಕೆ ಹೋಯಿತು.

ಆಮೇಲೆ ನನ್ನನ್ನು ಕರೆದರು. ಬಾಯಿಪಾಠ ಮಾಡಿದ್ದನ್ನು ಹೇಳುವ ಹಾಗಿರಲಿಲ್ಲ. ಹೇಳಲು ನನ್ನದೇ ಎಂಬಂಥದ್ದು ಒಂದೇ ಉಳಿದಿತ್ತು. ಅದನ್ನೇ ಹೇಳಿದೆ. "ನಾನು ಅವರ ಹಿತ್ತಲಕ್ಕ ಹೋಗಿ ಕಾಯಿಗೆ ಬೆರಳ ತೋರಿಸಿದೆನ್ರಿ. ಕೊಳೀಲಿ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾಸ್ಟರ್ ನನ್ನ ಕೈಯಿಂದ ಮೆಲ್ಲಗೆ ಮೈಕ್ ತೆಗೆದುಕೊಂಡು, ನನ್ನನ್ನೂ ಕುಂಬಳವನ್ನೂ ಒಮ್ಮೆ ನೋಡಿ, ಹಾಡು ಎತ್ತಿದರು.

ಕೆಳಗೆ ಮೆಟ್ಟಿಲ ಹತ್ತಿರ ಅವಳು ಕಾಯುತ್ತಿದ್ದಳು. "ನಂದು ಹನ್ನೆರಡ, ನಿಂದು ಒಂದ. ಬರ್ಕೋ."

"ಅದಕ್ಕ ಸಾಕ್ಷಿ ಅಂತಾರೇನ?"

ಅವಳು ಸ್ಕೂಟಿಯ ಕೀಲಿಯನ್ನು ಬೆರಳಿನಲ್ಲಿ ತಿರುಗಿಸಿದಳು. "ಎಲ್ಲಾರೂ ಕುಂಬಳ ಬಿಟ್ಟ ನಿನ್ನ ಮಾರಿ ನೋಡಾಕತ್ತಿದ್ರು ಲೇ. ನಾ ಹನ್ನೆರಡ ಸಲ ನಿಂತೇನಿ, ನನ್ನ ಯಾರೂ ಹಂಗ ನೋಡಿಲ್ಲ."

ಈ ಸಲ ಅವಳು ನಗಲಿಲ್ಲ. ಎಡಪುಟ ತುಂಬುವಾಗ ನನ್ನೊಳಗೆ ಏಳುತ್ತಿದ್ದ ಅದೇ ಕಿಚ್ಚು ಅವಳ ದನಿಯಲ್ಲಿತ್ತು. ಮನೆಗೆ ಬಂದು ಬಲಪುಟದಲ್ಲಿ ತಾರೀಖು ಹಾಕಿ, ಸಾಕ್ಷಿ ಒಂದು ಎಂದು ಬರೆದೆ. ಅದರ ಕೆಳಗೆ ಅವಳು ಹೇಳಿದ ಮಾತನ್ನೂ ಇದ್ದಂತೆಯೇ ಬರೆದು, ಎರಡು ಸಲ ಓದಿದೆ. ಎರಡನೆಯ ಸಲ ಓದುವ ಅಗತ್ಯವಿರಲಿಲ್ಲ.