ನೋವಾಗದ ಪರೀಕ್ಷೆ

ಹೋದ ವಾರ ನಮ್ಮ ಭಾವ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ ಜತೆ ಜಗಳಕ್ಕೇ ನಿಂತುಬಿಟ್ಟರು. ಕಾರಣ? ಈ ಸಲದ ಪರೀಕ್ಷೆಯಲ್ಲಿ ನೋವೇ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು.

ನಗಬೇಡಿ. ಭಾವ ಎಂದರೆ ನನ್ನ ಅಕ್ಕನ ಗಂಡ, ಕಣಕಟ್ಟೆಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವವರು. ಎರಡು ವರ್ಷದ ಹಿಂದೆ ಅವರ ಹೃದಯ ಕೈಕೊಟ್ಟಿತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಯಾರೋ ಪುಣ್ಯಾತ್ಮರು ಅವನ ಹೃದಯ ಕೊಟ್ಟರು. (ಯಾರೆಂದು ಆಸ್ಪತ್ರೆಯವರು ಹೇಳಲಿಲ್ಲ, ನಾವು ಕೇಳುವಂತೆಯೂ ಇರಲಿಲ್ಲ.) ಅದೇ ಈಗ ಭಾವನ ಎದೆಯಲ್ಲಿ ಬಡಿಯುತ್ತಿದೆ.

ಬಡಿಯುತ್ತಿದೆ, ಸರಿ. ದೇಹ ಸುಮ್ಮನಿರಬೇಕಲ್ಲ? ಇದು ಹೊರಗಿನದು ಎಂದು ಗೊತ್ತಾದರೆ ಮೇಲೆ ಬೀಳುತ್ತದೆ. ಡಾಕ್ಟರುಗಳು ಇದಕ್ಕೆ ರಿಜೆಕ್ಷನ್ ಅನ್ನುತ್ತಾರೆ. ಅದನ್ನು ಪತ್ತೆ ಮಾಡಲು ಇಷ್ಟು ದಿನ ಬಯಾಪ್ಸಿ ಮಾಡುತ್ತಿದ್ದರು. ಕುತ್ತಿಗೆಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ಇಳಿಸಿ, ಹೃದಯದಿಂದಲೇ ಒಂದು ಚೂರು ತೆಗೆದು ನೋಡುವುದು.

ಈ ಸಲ ಡಾಕ್ಟರು, "ಈಗ ಚೆನ್ನಾಗೇ ಇದ್ದೀರಲ್ಲ, ಎಕೋ, ಎಂಆರ್‌ಐ ಸ್ಕ್ಯಾನ್ ಸಾಕು. ಅನುಮಾನ ಬಂದರೆ ಮಾತ್ರ ಬಯಾಪ್ಸಿ ಮಾಡೋಣ" ಎಂದರು.

"ಚುಚ್ಚಲ್ಲ, ಕೊಯ್ಯಲ್ಲ. ಮ್ಯಾಲಿಂದ ನೋಡಿದ್ರೆ ಒಳಗಿಂದು ಹೆಂಗೆ ಗೊತ್ತಾಯ್ತದೆ ಸಾರ್?" ಎಂದರು ಭಾವ.

ತಪ್ಪು ಅವರೊಬ್ಬರದೇ ಅಲ್ಲ. ಇಂಜೆಕ್ಷನ್ ಕೊಡದವರನ್ನು ನಮ್ಮ ಕಡೆ ಯಾರು ಡಾಕ್ಟರೆಂದು ಒಪ್ಪುತ್ತಾರೆ? ಬರೀ ಮಾತ್ರೆ ಬರೆದುಕೊಟ್ಟರೆ ಮಾದಿಹಳ್ಳಿಯ ನಮ್ಮ ಚಿಕ್ಕಪ್ಪ ಅಂದು ಸಂಜೆಯೇ ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಾರೆ.

ಆದರೆ ಭಾವನ ಹಟದ ಹಿಂದೆ ಇದ್ದದ್ದು ಭಯ. ಅರಸೀಕೆರೆಯಲ್ಲಿ ರೈಲು ಹತ್ತುವಾಗಲೇ, "ಇದೂ ಕೈಕೊಟ್ರೆ ಇನ್ನೊಂದ ಯಾರು ಕೊಟ್ಟಾರು?" ಎಂದಿದ್ದರು. ಈ ನೋವಿಲ್ಲದ ಪರೀಕ್ಷೆ ಕಾಯಿಲೆಯನ್ನು ಕಾಣದೇ ಬಿಟ್ಟರೆ ಎಂಬುದೇ ಅವರ ಚಿಂತೆ.

ಕೊನೆಗೆ ಪಕ್ಕದಲ್ಲೇ ಕೂತಿದ್ದ ಅಕ್ಕ ಬಾಯಿ ಬಿಟ್ಟಳು. "ಅಲ್ಲಾ, ಅಟ್ಟದ ಮ್ಯಾಲೆ ಕೊಬ್ಬರಿ ಆಗೈತೋ ಇಲ್ವೋ ಅಂತ ಕಾಯಿ ಒಡೆದು ನೋಡ್ತೀರಾ? ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀರಿ ತಾನೆ?"

ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಅನ್ನುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಭಾವ. ಅಂಗಿ ಬಿಚ್ಚಿ ಮಲಗಿದರು.

ಎಕೋ ಪರದೆಯಲ್ಲಿ ಹೃದಯ ಕಾಣಿಸಿತು. ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. (ಹಿಂದೆಯೂ ಎಕೋ ಆಗಿತ್ತು, ಭಾವ ಹೆದರಿ ಆ ಕಡೆ ತಿರುಗಿರಲಿಲ್ಲ.) ಈ ಸಲ ಕಣ್ಣು ಕೀಳದೆ ನೋಡಿದರು.

ಎಂಆರ್‌ಐ ಕೂಡ ಮುಗಿಯಿತು. ಸಂಜೆ ಡಾಕ್ಟರು ಕರೆದು, "ಊತ ಇಲ್ಲ, ತೊಂದರೆ ಇಲ್ಲ. ನಿಮ್ಮ ದೇಹ ಈ ಹೃದಯವನ್ನು ಒಪ್ಪಿಕೊಂಡಿದೆ" ಎಂದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಬೆಳಗಿನಿಂದ ಕಾಫಿ ಕುಡಿದಿಲ್ಲ ಎಂಬುದು ಆಗ ನೆನಪಾಯಿತು.

ಭಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಅದು ಸರಿ ಸಾರ್. ಅದಕ್ಕೆ ನಮ್ಮತ್ರ ಒಗ್ಗೈತಾ? ಏನೂ ಬೇಜಾರಿಲ್ವಾ ಅದಕ್ಕೆ?"

ಎರಡು ವರ್ಷದಿಂದ ಭಾವನ ದೇಹ ಆ ಹೃದಯವನ್ನು ಒಪ್ಪಿತೇ ಎಂದು ಎಲ್ಲರೂ ಕೇಳಿದೆವು. ಆ ಹೃದಯ ನಮ್ಮನ್ನು ಒಪ್ಪಿತೇ ಎಂದು ಒಬ್ಬರಾದರೂ ಕೇಳಿದ್ದೆವೇ?